ಮಂಡಿ ನೋವಿಗೆ ರಕ್ತನಾಳ ಮುಚ್ಚೋ ಚಿಕಿತ್ಸೆ: ಟ್ರಯಲ್‌ಗೆ ಸೇರೋ ಮುಂಚೆ ಜನ ಪದೇ ಪದೇ ಕೇಳೋ ಪ್ರಶ್ನೆಗಳು

ಮೊದಲೇ ಹೇಳ್ಬಿಡ್ತೀನಿ, ನಾನು ಡಾಕ್ಟರ್ ಅಲ್ಲ, ಆಂಜಿಯೋಗ್ರಾಮ್ ಮಾಡೋ ಕ್ಯಾತ್ ಲ್ಯಾಬಲ್ಲಿ ಟೆಕ್ನಿಷಿಯನ್. ನಮ್ಮ ದೊಡ್ಡಮ್ಮಂಗೆ ಎರಡೂ ಮಂಡಿ ಸವೆತ. ಹೋದ ವರ್ಷ ಒಂದ್ ಕಡೆ ತೋರಿಸೋಕೆ ಹೋದಾಗ "ಆಪರೇಷನ್ ಬೇಡ, ಒಂದು ಸಣ್ಣ ತೂತು ಅಷ್ಟೇ, ನೂರಕ್ಕೆ ನೂರು ರಿಸಲ್ಟ್" ಅಂತ ಪ್ಯಾಕೇಜ್ ಹೇಳಿ ಕಳಿಸಿದ್ರು, ದೊಡ್ಡಮ್ಮ ಆ ಪ್ಯಾಕೇಜ್ ಬರೆದಿದ್ದ ಚೀಟಿ ತಂದು ನನ್ನ ಕೈಗೆ ಕೊಟ್ಟು "ನೀನು ಆಸ್ಪತ್ರೇಲಿ ಇರೋನು, ಹೇಳಪ್ಪ, ಮಾಡಿಸ್ಲಾ" ಅಂದ್ರು. ಅವತ್ತಿಂದ ಓದೋಕೆ ಶುರು ಮಾಡಿದ್ದು. ಆಮೇಲೆ ಊರಿಂದ ಒಬ್ಬರ ಮೇಲೆ ಒಬ್ಬರು ಫೋನ್ ಮಾಡಿ ಅದೇ ಪ್ರಶ್ನೆಗಳನ್ನೇ ಕೇಳೋದು ನೋಡಿ ಎಲ್ಲ ಒಂದೇ ಕಡೆ ಬರೀತಿದೀನಿ. ಟ್ರಯಲ್ ಅಂದ್ರೆ ಒಂದು ಚಿಕಿತ್ಸೆ ನಿಜವಾಗ್ಲೂ ಕೆಲಸ ಮಾಡತ್ತಾ ಅಂತ, ಒಪ್ಪಿ ಬಂದ ರೋಗಿಗಳ ಮೇಲೆ ಪರೀಕ್ಷೆ ಮಾಡಿ ನೋಡೋದು.

ಈ ಚಿಕಿತ್ಸೆ ಹೆಸರೇನು, ಏನ್ ಮಾಡ್ತಾರೆ?

ಜೆನಿಕ್ಯುಲರ್ ಆರ್ಟರಿ ಎಂಬೋಲೈಸೇಷನ್ ಅಂತ ಹೆಸರು, ಚಿಕ್ಕದಾಗಿ ಜಿಎಇ. ಜೆನಿಕ್ಯುಲರ್ ಆರ್ಟರಿ ಅಂದ್ರೆ ಮಂಡಿ ಸುತ್ತ ಬಳ್ಳಿ ಥರ ಹಬ್ಬಿರೋ ಸಣ್ಣ ಸಣ್ಣ ರಕ್ತನಾಳಗಳು. ಹೃದಯದ ಆಂಜಿಯೋ ಮಾಡ್ದಂಗೇ ತೊಡೆಸಂದಿಯ ರಕ್ತನಾಳಕ್ಕೆ ಸೂಜಿ ಹಾಕಿ, ಅದರೊಳಗಿಂದ ದಾರದಷ್ಟು ಸಣ್ಣ ಟ್ಯೂಬನ್ನ ಮಂಡಿವರೆಗೂ ತಗೊಂಡ್ ಹೋಗಿ, ಎಲ್ಲಿ ನೋವಿದೆಯೋ ಅಲ್ಲಿ ಹೊಸದಾಗಿ ಬೆಳ್ಕೊಂಡಿರೋ ರಕ್ತನಾಳಗಳಿಗೆ ತುಂಬಾ ಸಣ್ಣ ಕಣಗಳನ್ನ ಬಿಡ್ತಾರೆ. ಕಣದ ಗಾತ್ರ ಸಾಮಾನ್ಯವಾಗಿ 100 ಮೈಕ್ರಾನ್ ಆಸುಪಾಸು, ಅಂದ್ರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಅವು ಹೋಗಿ ಆ ಎಳೆ ನಾಳಗಳಲ್ಲಿ ಕೂತ್ಕೊಂಡು ರಕ್ತದ ಹರಿವು ಕಮ್ಮಿ ಮಾಡ್ತವೆ. ಹೊಲಿಗೆ ಇಲ್ಲ, ಮೂಳೆ ಕೊಯ್ಯೋದಿಲ್ಲ, ಪೂರ್ತಿ ಅನಸ್ತೇಶಿಯಾನೂ ಸಾಮಾನ್ಯವಾಗಿ ಬೇಕಿಲ್ಲ.

ಸವೆದಿರೋದು ಮಂಡಿ, ರಕ್ತನಾಳ ಮುಚ್ಚಿದ್ರೆ ನೋವು ಯಾಕೆ ಕಮ್ಮಿ ಆಗ್ಬೇಕು?

ಒಳ್ಳೆ ಪ್ರಶ್ನೆ ಇದು. ನಾವೆಲ್ಲ "ಗ್ಯಾಪ್ ಕಮ್ಮಿ ಆಗಿದೆ, ಮೂಳೆಗೆ ಮೂಳೆ ಉಜ್ತಿದೆ, ಅದಕ್ಕೆ ನೋವು" ಅಂತ ಅಂದ್ಕೊಂಡಿದೀವಿ. ಆದ್ರೆ ಕಾರ್ಟಿಲೇಜಿಗೆ, ಅಂದ್ರೆ ಕೀಲಲ್ಲಿ ಮೂಳೆ ತುದಿಗೆ ಇರೋ ನುಣುಪಾದ ಮೆತ್ತೆಗೆ, ನರಾನೇ ಇಲ್ಲ, ರಕ್ತನಾಳಾನೂ ಇಲ್ಲ, ಹಾಗಾಗಿ ಕಾರ್ಟಿಲೇಜು ತಾನಾಗಿ ನೋಯಲ್ಲ. ನೋಯೋದು ಅದರ ಸುತ್ತಮುತ್ತ ಇರೋದು: ಕೀಲಿನ ಒಳಪೊರೆ, ಕೆಳಗಿನ ಮೂಳೆ, ಲಿಗಮೆಂಟು. ಸವೆತ ಶುರುವಾದ್ಮೇಲೆ ಈ ಒಳಪೊರೆ ಊದ್ಕೊಳತ್ತೆ, ಅಲ್ಲಿ ಹೊಸ ರಕ್ತನಾಳ ಹುಟ್ಕೊಳತ್ತೆ, ರಕ್ತನಾಳದ ಜೊತೆಜೊತೆಗೇ ಸಣ್ಣ ನರಗಳೂ ಬೆಳೀತವೆ. ಆ ಹೊಸ ನಾಳ ಮುಚ್ಚಿದ್ರೆ ಊತ ಇಳಿಯತ್ತೆ, ನರಗಳೂ ಸುಮ್ನಾಗ್ತವೆ ಅನ್ನೋದು ಇದರ ಹಿಂದಿನ ಲೆಕ್ಕ. ಎಕ್ಸರೇ ನೋಡಿದ್ರೆ ಮಂಡಿ ಪೂರ್ತಿ ಹೋಗಿರೋರು ಆರಾಮಾಗಿ ಓಡಾಡ್ತಿರ್ತಾರೆ, ಎಕ್ಸರೇ ಚೆನ್ನಾಗಿರೋರು ರಾತ್ರಿಯೆಲ್ಲ ನರಳ್ತಾರೆ, ಅದು ಯಾಕೆ ಅಂತ ಇದ್ರಿಂದ ಸ್ವಲ್ಪ ಅರ್ಥ ಆಗತ್ತೆ.

ಸವೆದಿರೋ ಕಾರ್ಟಿಲೇಜನ್ನ ಇದು ಮತ್ತೆ ಬೆಳೆಸಲ್ಲ. ಹಾಗೆ ಯಾರಾದ್ರೂ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ.

ರಕ್ತ ನಿಲ್ಸಿದ್ರೆ ಕಾಲಿಗೇ ತೊಂದ್ರೆ ಆಗಲ್ವಾ?

ದೊಡ್ಡಮ್ಮ ಕೇಳಿದ ಮೊದಲ ಪ್ರಶ್ನೆ ಇದೇ. ಕಾಲಿಗೆ ರಕ್ತ ಹೋಗೋ ಮುಖ್ಯ ನಾಳ ಬೇರೆ, ಅದನ್ನ ಮುಟ್ಟಲ್ಲ. ಮಂಡಿ ಸುತ್ತಲಿನ ನಾಳಗಳು ಒಂದಕ್ಕೊಂದು ಜೋಡ್ಕೊಂಡು ಬಲೆ ಥರ ಇರೋದ್ರಿಂದ ಒಂದು ಕವಲು ಕಮ್ಮಿ ಆದ್ರೆ ಇನ್ನೊಂದು ಕಡೆಯಿಂದ ರಕ್ತ ಬರತ್ತೆ. ಅಪಾಯ ಇರೋದು ಕಣಗಳು ಬೇಡದ ಜಾಗಕ್ಕೆ ಹೋದ್ರೆ, ಮುಖ್ಯವಾಗಿ ಚರ್ಮಕ್ಕೆ ಹೋಗೋ ನಾಳಕ್ಕೆ. ಅದಕ್ಕೇ ಕೆಲವು ಕಡೆ ಪ್ರೊಸೀಜರ್ ಮಾಡೋವಾಗ ಮಂಡಿ ಮೇಲೆ ಐಸ್ ಪ್ಯಾಕ್ ಇಡ್ತಾರೆ, ತಣ್ಣಗಾದಾಗ ಚರ್ಮದ ನಾಳಗಳು ಮುದುಡ್ಕೊಳ್ತವೆ, ಕಣಗಳು ಅತ್ತ ಹೋಗೋದು ಕಮ್ಮಿ ಆಗತ್ತೆ. ಕಾಲಿನ ದೊಡ್ಡ ನಾಳಗಳಲ್ಲೇ ಬ್ಲಾಕ್ ಇರೋರನ್ನ ಟ್ರಯಲ್‌ಗಳು ಸಾಮಾನ್ಯವಾಗಿ ತಗೊಳಲ್ಲ. ಸಕ್ಕರೆ ಕಾಯಿಲೆ ಇರೋರು, ಬೀಡಿ ಸಿಗರೇಟ್ ಸೇದೋರು ಇದನ್ನ ಡಾಕ್ಟ್ರ ಹತ್ರ ಬಾಯಿಬಿಟ್ಟು ಕೇಳಲೇಬೇಕು.

ಯಾರು ಶುರು ಮಾಡಿದ್ದು, ಎಲ್ಲೆಲ್ಲಿ ಟೆಸ್ಟ್ ಆಗಿದೆ?

ಶುರುವಾಗಿದ್ದು ಜಪಾನಲ್ಲಿ. ಯೂಜಿ ಒಕುನೋ ಅನ್ನೋ ಡಾಕ್ಟ್ರು ಮತ್ತೆ ಅವರ ತಂಡ ಸುಮಾರು ಹತ್ತು ವರ್ಷದ ಹಿಂದೆ ಮೊದಲ ಸಣ್ಣ ವರದಿ ಕೊಟ್ರು, ಆಮೇಲೆ 2017ರಲ್ಲಿ 72 ಜನರ ಫಲಿತಾಂಶ ಬಂತು. ಅವರು ಹೆಚ್ಚಾಗಿ ಬಳಸಿದ್ದು ಒಂದು ಆಂಟಿಬಯೋಟಿಕ್ ಪುಡಿ, ಅದು ಸ್ವಲ್ಪ ಹೊತ್ತು ನಾಳ ಮುಚ್ಚಿ ಆಮೇಲೆ ಕರಗತ್ತೆ. ಅಮೆರಿಕದಲ್ಲಿ ಕರಗದೇ ಇರೋ ಕಣಗಳನ್ನ ಹಾಕಿ ನೋಡಿದ್ರು. ಲಾಸ್ ಏಂಜಲಿಸ್‌ನ ಯುಸಿಎಲ್‌ಎ ತಂಡ 40 ಜನಕ್ಕೆ ಮಾಡಿ 2021ರಲ್ಲಿ ಪ್ರಕಟಿಸಿತು: ಒಂದು ವರ್ಷ ಆದ್ಮೇಲೂ ಸುಮಾರು 68% ಜನಕ್ಕೆ ತೊಂದರೆಯ ಸ್ಕೋರು (ನೋವು, ಬಿಗಿತ, ದಿನದ ಕೆಲಸದ ಕಷ್ಟಕ್ಕೆ ಹಾಕೋ ಅಂಕ) ಅರ್ಧಕ್ಕೂ ಕೆಳಗೆ ಇಳಿದಿತ್ತು. ಇಂಗ್ಲೆಂಡಿನ ರೀಡಿಂಗ್ ಊರಲ್ಲಿ ಜೆನೆಸಿಸ್ ಅನ್ನೋ ಅಧ್ಯಯನ, ನೆದರ್ಲ್ಯಾಂಡ್ಸಿನ ರಾಟರ್‌ಡ್ಯಾಮಲ್ಲಿ ನಿಯೋ ಅನ್ನೋ ಅಧ್ಯಯನ ನಡೆದವು.

68% ಅಂದ್ರೆ ಭರ್ಜರಿ ಆಯ್ತಲ್ಲ, ಇನ್ನೇನ್ ಟೆಸ್ಟ್ ಮಾಡ್ಬೇಕು?

ಇಲ್ಲೇ ಎಲ್ಲರೂ ಎಡವೋದು, ನಾನೂ ಎಡವಿದ್ದೆ. ಆ 40 ಜನರಲ್ಲಿ ಎಲ್ಲರಿಗೂ ಚಿಕಿತ್ಸೆ ಮಾಡಿದ್ರು, ಹೋಲಿಸಿ ನೋಡೋಕೆ ಚಿಕಿತ್ಸೆ ಆಗದೇ ಇರೋ ಗುಂಪು ಇರ್ಲಿಲ್ಲ. ಮಂಡಿ ನೋವು ಒಂದೇ ಥರ ಇರೋದಲ್ಲ, ಚಳಿಗಾಲದಲ್ಲಿ ಜಾಸ್ತಿ, ಮದುವೆ ಮನೇಲಿ ಓಡಾಡಿದ ವಾರ ಜಾಸ್ತಿ, ಆಮೇಲೆ ತಾನಾಗೇ ಇಳಿಯತ್ತೆ. ಜನ ಆಸ್ಪತ್ರೆಗೆ ಹೋಗೋದು ಯಾವಾಗ? ತಡೆಯೋಕೆ ಆಗ್ದೇ ಇದ್ದಾಗ. ಅಂದ್ರೆ ನೋವು ತುತ್ತತುದೀಲಿ ಇದ್ದಾಗ. ಅಲ್ಲಿಂದ ಏನೂ ಮಾಡ್ದೇ ಇದ್ರೂ ಸ್ವಲ್ಪ ಇಳಿಯೋದೇ ಜಾಸ್ತಿ. ಅದ್ರ ಮೇಲೆ ದೊಡ್ಡ ಮಿಷಿನ್ನು, ತಣ್ಣನೆ ರೂಮು, ಕೈ ಹಿಡ್ದು ಮಾತಾಡ್ಸೋ ಡಾಕ್ಟ್ರು, "ಇನ್ಮೇಲೆ ಸರಿಹೋಗತ್ತೆ" ಅನ್ನೋ ನಂಬಿಕೆ. ಈ ನಂಬಿಕೆಯಿಂದ ಕಮ್ಮಿ ಆಗೋ ನೋವು ಸುಳ್ಳಲ್ಲ, ನಿಜವಾಗ್ಲೂ ಕಮ್ಮಿ ಆಗತ್ತೆ. ಆದ್ರೆ ಅದು ಕಣಗಳಿಂದ ಆಯ್ತಾ ಅನ್ನೋದು ಬೇರೆ ಪ್ರಶ್ನೆ.

ಎರಡು ಹಳೇ ಕತೆ ಹೇಳ್ತೀನಿ. ಹಿಂದೆಲ್ಲ ಮಂಡಿ ಸವೆತಕ್ಕೆ ದುರ್ಬೀನು ಹಾಕಿ ಒಳಗೆ ತೊಳೆದು ಕ್ಲೀನ್ ಮಾಡೋದು, ಅಂದ್ರೆ ಆರ್ಥ್ರೋಸ್ಕೋಪಿ, ತುಂಬಾ ಮಾಡ್ತಿದ್ರು, ಮಾಡಿಸ್ಕೊಂಡೋರು ಎಷ್ಟೋ ಜನ ಚೆನ್ನಾಗಾಯ್ತು ಅಂತಾನೂ ಹೇಳ್ತಿದ್ರು. ಹ್ಯೂಸ್ಟನ್ನಲ್ಲಿ ಬ್ರೂಸ್ ಮೋಸ್ಲಿ ಅನ್ನೋ ಸರ್ಜನ್ನು 180 ಜನರನ್ನ ತಗೊಂಡು ಕೆಲವರಿಗೆ ನಿಜವಾದ ಆರ್ಥ್ರೋಸ್ಕೋಪಿ, ಕೆಲವರಿಗೆ ಬರೀ ಚರ್ಮದ ಮೇಲೆ ಗಾಯ ಮಾಡಿ ಹೊಲಿಗೆ ಹಾಕಿ ಕಳಿಸಿದ್ರು, ಅವರೆಲ್ಲ ಮೊದಲೇ ಒಪ್ಪಿ ಸಹಿ ಹಾಕಿದೋರೇ. ಎರಡು ವರ್ಷ ನೋಡಿ 2002ರಲ್ಲಿ ಫಲಿತಾಂಶ ಕೊಟ್ರು: ನಿಜವಾದದ್ದು ಮಾಡಿಸ್ಕೊಂಡೋರು ಬರೀ ಗಾಯದೋರಿಗಿಂತ ಚೆನ್ನಾಗೇನೂ ಇರ್ಲಿಲ್ಲ. ಇನ್ನೊಂದು ಪಿಆರ್‌ಪಿ, ನಮ್ಮದೇ ರಕ್ತ ತೆಗೆದು, ಮಿಷಿನ್ನಲ್ಲಿ ತಿರುಗಿಸಿ, ಬೇರೆಯಾದ ಭಾಗವನ್ನ ಮಂಡಿಗೆ ಚುಚ್ಚೋದು, ಈಗ ನಮ್ಮೂರುಗಳಲ್ಲೂ ಬೋರ್ಡ್ ಹಾಕಿರ್ತಾರಲ್ಲ ಅದು. ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ಪಿಆರ್‌ಪಿನೂ ಬರೀ ಉಪ್ಪುನೀರಿನ ಇಂಜೆಕ್ಷನ್ನೂ ಕೊಟ್ಟು ಒಂದು ವರ್ಷ ನೋಡಿದ್ರು, 2021ರಲ್ಲಿ ಬಂತು, ಎರಡೂ ಗುಂಪಲ್ಲಿ ನೋವು ಕಮ್ಮಿ ಆಗಿತ್ತು ಆದ್ರೆ ಹೇಳ್ಕೊಳೋ ಅಂಥ ವ್ಯತ್ಯಾಸ ಇರ್ಲಿಲ್ಲ.

ಇವನ್ನ ಓದಿದ್ಮೇಲೆ "ಪಕ್ಕದ್ಮನೆ ಆಂಟಿಗೆ ಕಮ್ಮಿ ಆಯ್ತಂತೆ" ಅನ್ನೋ ಮಾತನ್ನ ಕೇಳೋ ರೀತೀನೇ ನನಗೆ ಬದಲಾಗಿ ಹೋಯ್ತು. ಆಂಟಿ ಸುಳ್ಳು ಹೇಳ್ತಿಲ್ಲ. ಆದ್ರೆ ಯಾವುದರಿಂದ ಕಮ್ಮಿ ಆಯ್ತು ಅನ್ನೋದು ಆಂಟಿಗೂ ಗೊತ್ತಾಗೋಕೆ ದಾರಿ ಇಲ್ಲ.

ಸುಳ್ಳು ಚಿಕಿತ್ಸೆ ಮಾಡೋದು ರೋಗಿಗೆ ಮೋಸ ಅಲ್ವಾ?

ಶ್ಯಾಮ್ ಅಂತಾರೆ ಇದನ್ನ, ತೋರಿಕೆಯ ಚಿಕಿತ್ಸೆ ಅಂತ ಇಟ್ಕೊಳಿ. ತೊಡೆಸಂದಿಗೆ ಮರಗಟ್ಟೋ ಇಂಜೆಕ್ಷನ್ ಕೊಡ್ತಾರೆ, ಅದೇ ಟೇಬಲ್ಲು, ಅದೇ ಮಾತುಕತೆ, ಆದ್ರೆ ಕಣ ಬಿಡಲ್ಲ. ಯಾರಿಗೆ ಯಾವುದು ಅನ್ನೋದನ್ನ ಕಂಪ್ಯೂಟರ್ ಚೀಟಿ ಎತ್ತಿದಂಗೆ ತೀರ್ಮಾನ ಮಾಡತ್ತೆ. ಮಾಡೋ ಡಾಕ್ಟ್ರಿಗೆ ಗೊತ್ತಿರತ್ತೆ, ರೋಗಿಗೆ ಗೊತ್ತಿರಲ್ಲ, ಆಮೇಲೆ ನೋವು ಎಷ್ಟಿದೆ ಅಂತ ಕೇಳೋರಿಗೂ ಗೊತ್ತಿರಬಾರದು. ಹೇಳ್ದೇ ಮಾಡಿದ್ರೆ ಮೋಸ. "ನಿಮಗೆ ಎರಡರಲ್ಲಿ ಯಾವುದಾದ್ರೂ ಬರಬಹುದು" ಅಂತ ಮೊದಲೇ ಹೇಳಿ, ಅರ್ಥ ಆಗಿದ್ಯಾ ಅಂತ ತಿರುಗಿ ಕೇಳಿ, ಸಹಿ ತಗೊಂಡು ಮಾಡೋದು ಮೋಸ ಅಲ್ಲ. ನನಗೆ ಕೇಳಿದ್ರೆ, ಕೆಲಸ ಮಾಡತ್ತಾ ಇಲ್ವಾ ಗೊತ್ತಿಲ್ದೇ ಇರೋದನ್ನ ನೂರು ಪರ್ಸೆಂಟ್ ಅಂತ ಮಾರೋದೇ ಮೋಸ.

ಸರಿ, ಜಿಎಇನ ತೋರಿಕೆ ಚಿಕಿತ್ಸೆ ಜೊತೆ ಹೋಲಿಸಿದಾಗ ಏನಾಯ್ತು?

ಎರಡು ಟ್ರಯಲ್ಲು ಎರಡು ಥರ ಹೇಳಿವೆ. ಅಮೆರಿಕದಲ್ಲಿ 21 ಜನರದ್ದು, 14 ಜನಕ್ಕೆ ನಿಜವಾದದ್ದು, 7 ಜನಕ್ಕೆ ತೋರಿಕೆಯದು. ಒಂದು ತಿಂಗಳಿಗೆ ನಿಜವಾದದ್ದು ಆದೋರು ಎದ್ದು ಕಾಣೋ ಹಾಗೆ ಚೆನ್ನಾಗಿದ್ರು, ತೋರಿಕೆಯ ಏಳೂ ಜನ ಆಮೇಲೆ ನಿಜವಾದದ್ದನ್ನ ಮಾಡಿಸ್ಕೊಂಡ್ರು. ರಾಟರ್‌ಡ್ಯಾಮಿನ ಟ್ರಯಲಲ್ಲಿ 58 ಜನ, ನಾಲ್ಕು ತಿಂಗಳು ನೋಡಿದ್ರು, ಎರಡೂ ಗುಂಪಲ್ಲಿ ನೋವು ಚೆನ್ನಾಗೇ ಇಳೀತು, ಆದ್ರೆ ಎರಡರ ನಡುವೆ ಇದ್ದ ವ್ಯತ್ಯಾಸ ಗಟ್ಟಿಯಾಗಿ ಹೇಳೋ ಅಂಥದ್ದಲ್ಲ.

ಅಂದ್ರೆ ಇದು ಕೆಲಸ ಮಾಡಲ್ಲ ಅಂತಾನಾ?

ಹಾಗೂ ಹೇಳೋಕಾಗಲ್ಲ. 21 ಜನ ಅನ್ನೋದು ತುಂಬಾ ಕಮ್ಮಿ, 58 ಕೂಡ ದೊಡ್ಡದಲ್ಲ. ಯಾವ ಕಣ, ಎಷ್ಟು ನಾಳ, ಯಾವ ಹಂತದ ಸವೆತ, ಎಲ್ಲ ಬೇರೆ ಬೇರೆ. ಒಳಪೊರೆ ಊದಿರೋರಿಗೆ ಮಾತ್ರ ಹೆಚ್ಚು ಉಪಯೋಗ ಆಗಬಹುದು ಅಂತ ಯೋಚನೆ ಮಾಡೋರೂ ಇದಾರೆ, ಅದನ್ನೂ ಟೆಸ್ಟ್ ಮಾಡಿಯೇ ನೋಡ್ಬೇಕು. ರೀಡಿಂಗ್ ತಂಡ ಅದಕ್ಕೇ ತೋರಿಕೆ ಗುಂಪು ಇಟ್ಕೊಂಡು ಎರಡನೇ ಟ್ರಯಲ್ಲು, ಜೆನೆಸಿಸ್ 2, ಶುರು ಮಾಡಿದ್ದು. ಬ್ರಿಟನ್ನಿನ ನೈಸ್ ಅನ್ನೋ ಸಂಸ್ಥೆ, ಯಾವ ಚಿಕಿತ್ಸೆ ಕೊಡಬಹುದು ಅಂತ ಅಲ್ಲಿ ಸಲಹೆ ಕೊಡೋದು, 2021ರಲ್ಲಿ ಇದನ್ನ ಸಂಶೋಧನೆಯ ಭಾಗವಾಗಿ ಮಾತ್ರ ಮಾಡಿ ಅಂತ ಹೇಳ್ತು. ನನಗೂ ಅದೇ ಸರಿ ಅನ್ಸತ್ತೆ.

ಟ್ರಯಲ್‌ಗೆ ಯಾರನ್ನ ತಗೋತಾರೆ?

ಒಂದೊಂದು ಕಡೆ ಒಂದೊಂದು ನಿಯಮ. ಸಾಮಾನ್ಯವಾಗಿ 40 ದಾಟಿರಬೇಕು, ತಿಂಗಳುಗಟ್ಟಲೆ ನೋವಿರಬೇಕು, ಮಾತ್ರೆ, ಫಿಸಿಯೋ, ಇಂಜೆಕ್ಷನ್ ಎಲ್ಲ ನೋಡಿ ಆಗಿರಬೇಕು. ಎಕ್ಸರೇಲಿ ಸವೆತವನ್ನ ಕೆಲ್‌ಗ್ರೆನ್-ಲಾರೆನ್ಸ್ ಅನ್ನೋ ಅಳತೇಲಿ 0ಯಿಂದ 4ರವರೆಗೆ ಹೇಳ್ತಾರೆ, "ಗ್ರೇಡ್ 3" ಅಂತ ನಿಮ್ಮ ರಿಪೋರ್ಟಲ್ಲಿ ಬರೆದಿರೋದು ಅದೇ. 1957ರಿಂದ ಬಳಕೇಲಿದೆ. ಗ್ರೇಡ್ 4 ಆದೋರಿಗೆ ಜಿಎಇ ಉಪಯೋಗ ಕಮ್ಮಿ ಅಂತ ಹಲವು ಅಧ್ಯಯನ ಹೇಳ್ತವೆ, ಕೆಲವು ಟ್ರಯಲ್ ಅವರನ್ನ ಸೇರಿಸೋದೇ ಇಲ್ಲ. ರುಮಟಾಯ್ಡ್ ಅನ್ನೋ ಬೇರೆ ಥರದ ಕೀಲುವಾತ ಇದ್ರೆ, ಮಂಡೀಲಿ ಇನ್ಫೆಕ್ಷನ್ ಇದ್ರೆ, ಕಿಡ್ನಿ ವೀಕ್ ಇದ್ರೆ, ಆಂಜಿಯೋಗೆ ಹಾಕೋ ಡೈಗೆ ಅಲರ್ಜಿ ಇದ್ರೆ ಬೇಡ ಅಂತಾರೆ. ಬೇಡ ಅಂದಾಗ ಬೇಜಾರಾಗತ್ತೆ, ಆದ್ರೆ ಕ್ರಿಯೇಟಿನಿನ್ (ಕಿಡ್ನಿ ಹೇಗಿದೆ ಅಂತ ರಕ್ತ ಪರೀಕ್ಷೇಲಿ ತೋರಿಸೋ ಅಂಕಿ) ಜಾಸ್ತಿ ಇರೋದನ್ನ ಮುಚ್ಚಿಟ್ಟು ಸೇರ್ಕೊಬೇಡಿ, ದಯವಿಟ್ಟು. ಆ ಡೈ ಕಿಡ್ನಿಗೆ ಏನ್ ಮಾಡತ್ತೆ ಅಂತ ನಾನು ಕಣ್ಣಾರೆ ನೋಡಿದೀನಿ.

ಆ ದಿನ ಏನೇನಾಗತ್ತೆ?

ಇದು ನನ್ನ ಕೆಲಸದ ಜಾಗ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ. ರೂಮು ತುಂಬಾ ತಣ್ಣಗಿರತ್ತೆ, ಹೊದಿಕೆ ಕೇಳಿ, ಕೊಡ್ತಾರೆ. ಟೇಬಲ್ಲು ಅಗಲ ಕಮ್ಮಿ. ಮೇಲೆ ಬಿಲ್ಲಿನ ಥರ ಬಾಗಿರೋ ಎಕ್ಸರೇ ಮಿಷಿನ್ನು ಸುತ್ತ ತಿರುಗತ್ತೆ. ತೊಡೆಸಂದಿಗೆ ಮರಗಟ್ಟೋ ಇಂಜೆಕ್ಷನ್ನು, ಉರಿ ಆಗೋದು ಅದೊಂದೇ ಕ್ಷಣ, ಆಮೇಲೆ ಒತ್ತಿದಂಗೆ ಆಗತ್ತೆ ಅಷ್ಟೇ. ಡೈ ಬಿಟ್ಟಾಗ ಕಾಲೊಳಗೆ ಬಿಸಿನೀರು ಹರಿದಂಗೆ ಅನ್ಸತ್ತೆ, ಹೆದರಬೇಡಿ. ಸ್ಕ್ರೀನಲ್ಲಿ ಮಂಡಿ ಸುತ್ತ ಬೇರು ಬಿಟ್ಟಂಗೆ ನಾಳಗಳು ಕಾಣ್ತವೆ, ಊದಿರೋ ಜಾಗ ಹೊಗೆ ಆಡ್ದಂಗೆ ಕಪ್ಪಾಗಿ ಕಾಣತ್ತೆ, ಡಾಕ್ಟ್ರು ಹುಡುಕೋದು ಅದನ್ನೇ. ಕಣ ಬಿಡೋವಾಗ "ಹಾಂ, ಇಲ್ಲೇ ನೋಯೋದು" ಅಂತ ರೋಗಿಗೇ ಅನ್ಸೋದೂ ಉಂಟು. ಒಂದೆರಡು ಗಂಟೆ ಕೆಲಸ. ಆಮೇಲೆ ಕಾಲು ಮಡಿಸದೇ ಕೆಲವು ಗಂಟೆ ಮಲಗಿರಬೇಕು, ಎಲ್ಲರಿಗೂ ಕಷ್ಟ ಆಗೋದು ಅದೇ, ಮೂತ್ರಕ್ಕೂ ಏಳೋಹಾಗಿಲ್ಲ. ಹೆಚ್ಚಿನೋರು ಅವತ್ತೇ ಮನೆಗೆ ಹೋಗ್ತಾರೆ.

ಅಡ್ಡಪರಿಣಾಮ?

ಯುಸಿಎಲ್‌ಎ ಅಧ್ಯಯನದ 40 ಜನರಲ್ಲಿ ಮಂಡಿ ಚರ್ಮ ಕೆಲವು ದಿನ ಕೆಂಪು ನೀಲಿ ಆಗೋದು, ಸ್ವಲ್ಪ ನೋವು ಜಾಸ್ತಿ ಆಗೋದು ಮಾಮೂಲಿ ಅನ್ನೋಷ್ಟು ಇತ್ತು. 7 ಜನಕ್ಕೆ ಚರ್ಮದ ಮೇಲೆ ಸಣ್ಣ ಹುಣ್ಣಾಗಿ ತಾನಾಗೇ ವಾಸಿ ಆಯ್ತು, ಒಬ್ಬರಿಗೆ ತೊಡೆಸಂದೀಲಿ ರಕ್ತ ಗಡ್ಡೆ ಕಟ್ತು, ಇಬ್ಬರ ಎಂಆರ್‌ಐನಲ್ಲಿ ಮೂಳೆಯ ಸಣ್ಣ ಭಾಗಕ್ಕೆ ರಕ್ತ ಕಮ್ಮಿ ಆಗಿರೋ ಗುರುತು ಕಾಣಿಸ್ತು, ಅವರಿಗೆ ಅದರಿಂದ ತೊಂದರೆ ಆಗ್ಲಿಲ್ಲ. ದೊಡ್ಡ ಅನಾಹುತ ಆಗಿಲ್ಲ ನಿಜ. ಆದ್ರೆ 40 ಜನರಲ್ಲಿ ಕಾಣದೇ ಇರೋದು ಸಾವಿರ ಜನರಲ್ಲಿ ಕಾಣಬಹುದು, ಇಪ್ಪತ್ತು ವರ್ಷ ಆದ್ಮೇಲೆ ಮಂಡಿ ಹೇಗಿರತ್ತೆ ಅಂತ ಹೇಳೋಕೆ ಈ ಚಿಕಿತ್ಸೆಗೆ ಇನ್ನೂ ಅಷ್ಟು ವಯಸ್ಸೇ ಆಗಿಲ್ಲ.

ನೋವನ್ನ ಅಳೆಯೋದು ಹೇಗೆ?

ಪ್ರಶ್ನೆ ಕೇಳಿಯೇ. ವೋಮ್ಯಾಕ್ ಅಂತ ಒಂದು ಫಾರ್ಮ್ ಇದೆ, 24 ಪ್ರಶ್ನೆ: ನೋವಿನ ಬಗ್ಗೆ 5, ಬಿಗಿತದ ಬಗ್ಗೆ 2, ದಿನದ ಕೆಲಸಗಳ ಬಗ್ಗೆ 17. ಮೆಟ್ಟಿಲು ಹತ್ತೋದು ಇಳಿಯೋದು, ಹಾಸಿಗೆಯಿಂದ ಏಳೋದು, ಕಾರು ಹತ್ತಿ ಇಳಿಯೋದು ಹೀಗೆ. ಅದರಲ್ಲಿ ಸಾಕ್ಸ್ ಹಾಕೋದಕ್ಕೆ ಒಂದು ಪ್ರಶ್ನೆ, ಸಾಕ್ಸ್ ತೆಗೆಯೋದಕ್ಕೆ ಇನ್ನೊಂದು ಪ್ರಶ್ನೆ ಇದೆ, ಆದ್ರೆ ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂರೋದು ಇಲ್ಲ, ಕುಕ್ಕರುಗಾಲಲ್ಲಿ ಕೂರೋದು ಇಲ್ಲ. ನಮ್ಮ ದೊಡ್ಡಮ್ಮಂಗೆ ಜೀವನ ಅಂದ್ರೆ ಅವೆರಡೇ: ಪೂಜೆಗೆ ಮಣೆ ಮೇಲೆ ಕೂರೋದು, ಊರ ಮನೆಯ ಹಳೇ ಪಾಯಿಖಾನೆ. ಆದ್ದರಿಂದ ಫಾರ್ಮ್ ತುಂಬಿಸೋವಾಗ ಇಂಥದ್ದನ್ನ ಬಿಡದೇ ಹೇಳಿ, ಕಡೇಪಕ್ಷ ಕೇಸ್ ಶೀಟಲ್ಲಿ ಬರೆಸಿ. ಮತ್ತೆ ಡಾಕ್ಟ್ರಿಗೆ ಬೇಜಾರಾಗತ್ತೆ ಅಂತ "ಪರವಾಗಿಲ್ಲ ಸಾರ್, ಚೆನ್ನಾಗಿದೀನಿ" ಅನ್ನೋ ಅಭ್ಯಾಸ ನಮ್ಮೋರಿಗೆ ತುಂಬಾ ಇದೆ. ಟ್ರಯಲಲ್ಲಿ ಆ ಮರ್ಯಾದೆ ಮಾತು ಮುಂದೆ ಬರೋ ರೋಗಿಗಳಿಗೆ ತೊಂದ್ರೆ ಮಾಡತ್ತೆ. ಇದ್ದಿದ್ದು ಇದ್ದಂಗೆ ಹೇಳಿ.

ನಾವು ದುಡ್ಡು ಕೊಡ್ಬೇಕಾ?

ವೈದ್ಯಕೀಯ ಸಂಶೋಧನೆ ನೋಡ್ಕೊಳೋ ಸರ್ಕಾರಿ ಸಂಸ್ಥೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಸಂಶೋಧನೆಗೋಸ್ಕರ ಮಾಡೋ ಹೆಚ್ಚುವರಿ ಖರ್ಚನ್ನ ರೋಗಿ ಮೇಲೆ ಹಾಕೋಹಾಗಿಲ್ಲ. "ಇದು ಟ್ರಯಲ್ಲು, ಪ್ಯಾಕೇಜ್ ಇಷ್ಟು ಲಕ್ಷ" ಅಂದ್ರೆ ಅಲ್ಲೇ ನಿಲ್ಲಿ.

ನಿಜವಾದ ಟ್ರಯಲ್ಲು ಅಂತ ಹೇಗೆ ಗೊತ್ತಾಗತ್ತೆ?

ನಮ್ಮ ದೇಶದಲ್ಲಿ ಸಿಟಿಆರ್‌ಐ ಅಂತ ಸರ್ಕಾರಿ ನೋಂದಣಿ ಇದೆ, 2007ರಲ್ಲಿ ಶುರುವಾಗಿದ್ದು, ಆನ್‌ಲೈನಲ್ಲಿ ಯಾರು ಬೇಕಾದ್ರೂ ದುಡ್ಡಿಲ್ದೇ ನೋಡಬಹುದು. ಪ್ರತಿ ಟ್ರಯಲ್‌ಗೂ ಸಿಟಿಆರ್‌ಐ ಅಂತ ಶುರುವಾಗಿ ವರ್ಷ, ತಿಂಗಳು, ಆಮೇಲೆ ಒಂದು ಸಂಖ್ಯೆ ಇರೋ ನಂಬರ್ ಕೊಡ್ತಾರೆ. ಆ ನಂಬರ್ ಕೇಳಿ, ಮನೇಲಿ ಮೊಬೈಲ್ ನೋಡೋ ಹುಡುಗರ ಕೈಲಿ ಹುಡುಕಿಸಿ. ಎಷ್ಟು ಜನ, ಹೋಲಿಕೆ ಗುಂಪು ಇದ್ಯಾ, ಯಾವ ಎಥಿಕ್ಸ್ ಕಮಿಟಿ (ರೋಗಿಗೆ ಅನ್ಯಾಯ ಆಗದಂಗೆ ಟ್ರಯಲ್ ಪರಿಶೀಲಿಸೋ ಸಮಿತಿ) ಒಪ್ಪಿದೆ ಎಲ್ಲ ಅಲ್ಲಿ ಕಾಣತ್ತೆ. ಒಪ್ಪಿಗೆ ಪತ್ರ ನಿಮಗೆ ಅರ್ಥ ಆಗೋ ಭಾಷೇಲಿ, ಅಂದ್ರೆ ಕನ್ನಡದಲ್ಲಿ ಕೊಡ್ಬೇಕು, ಒಂದು ಪ್ರತಿ ನಿಮ್ಮ ಕೈಗೆ ಬರ್ಬೇಕು. ಇಂಗ್ಲಿಷ್ ಪೇಪರ್ ಮೇಲೆ "ಇಲ್ಲಿ ಹೆಬ್ಬೆಟ್ಟು ಒತ್ತಿ ಅಜ್ಜಿ" ಅಂದ್ರೆ ಒತ್ತಬೇಡಿ. ಮನೆಗೆ ತಗೊಂಡ್ ಹೋಗಿ ಓದಿಸಿ, ಎರಡು ದಿನ ಬಿಟ್ಟು ಬರ್ತೀನಿ ಅನ್ನೋ ಹಕ್ಕು ನಿಮಗಿದೆ.

ಮಗ ಅಮೆರಿಕದಲ್ಲಿದ್ದಾನೆ, ಅಲ್ಲಿಗೆ ಹೋದಾಗ ಸೇರ್ಕೊಬಹುದಾ?

ನಿಯಮದಲ್ಲಿ ಏನಿದೆ ಅಂತ ಅವರನ್ನೇ ಕೇಳ್ಬೇಕು, ಆದ್ರೆ ಯೋಚನೆ ಮಾಡಿ, ಒಂದು ವರ್ಷ, ಕೆಲವು ಸಲ ಎರಡು ವರ್ಷ ವಾಪಸ್ ವಾಪಸ್ ಚೆಕಪ್ಪಿಗೆ ಹೋಗ್ಬೇಕು. ಆರು ತಿಂಗಳ ವೀಸಾದಲ್ಲಿ ಮೊಮ್ಮಗು ನೋಡ್ಕೊಳೋಕೆ ಹೋದೋರಿಗೆ ಇದು ಹೊಂದಲ್ಲ.

ಮಧ್ಯದಲ್ಲಿ ಬಿಡಬಹುದಾ? ಏನಾದ್ರೂ ಹೆಚ್ಚುಕಮ್ಮಿ ಆದ್ರೆ?

ಯಾವಾಗ ಬೇಕಾದ್ರೂ ಬಿಡಬಹುದು, ಕಾರಣ ಹೇಳ್ಬೇಕಿಲ್ಲ, ಬಿಟ್ರೆ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಸೋಹಾಗಿಲ್ಲ. ಟ್ರಯಲಿಂದಲೇ ತೊಂದರೆ ಆದ್ರೆ ಚಿಕಿತ್ಸೆ ಯಾರ ಖರ್ಚು, ಪರಿಹಾರ ಯಾರು ಕೊಡ್ತಾರೆ ಅನ್ನೋದು ಒಪ್ಪಿಗೆ ಪತ್ರದಲ್ಲೇ ಬರೆದಿರಬೇಕು. ಆ ಪ್ಯಾರಾ ಹುಡುಕಿ ಓದಿ, ಇಲ್ದಿದ್ರೆ ಕೇಳಿ.

ಇದು ಮಾಡಿಸ್ಕೊಂಡ್ರೆ ಮಂಡಿ ಬದಲಾಯ್ಸೋ ಆಪರೇಷನ್ ತಪ್ಪತ್ತಾ?

ಹಾಗಂತ ಯಾರೂ ತೋರಿಸಿಲ್ಲ. ನೋವು ಕಮ್ಮಿ ಆದ್ರೆ ಮುಂದೂಡ್ಬಹುದು ಅನ್ನೋ ಆಸೆ, ಅಷ್ಟೇ. ಜಿಎಇ ಆದೋರಿಗೆ ಆಮೇಲೆ ಮಂಡಿ ಬದಲಾವಣೆ ಮಾಡಿರೋ ಉದಾಹರಣೆಗಳಿವೆ, ಆ ದಾರಿ ಮುಚ್ಚಿ ಹೋಗಲ್ಲ.

ಅಲ್ಲೀವರೆಗೂ ಏನ್ ಮಾಡ್ಲಿ?

ತೊಡೆ ಮುಂದಿನ ಸ್ನಾಯು ಗಟ್ಟಿ ಮಾಡೋ ವ್ಯಾಯಾಮ, ಫಿಸಿಯೋ ಹತ್ರ ಕಲ್ತು ಮನೇಲಿ ದಿನಾ. ತೂಕ ಇಳಿಸೋದು: ಒಂದು ಕೆಜಿ ಇಳಿದ್ರೆ ನಡೆಯೋವಾಗ ಪ್ರತಿ ಹೆಜ್ಜೆಗೂ ಮಂಡಿ ಮೇಲೆ ಸುಮಾರು ನಾಲ್ಕು ಕೆಜಿ ಭಾರ ಕಮ್ಮಿ ಆಗತ್ತೆ ಅಂತ ಅಳೆದು ನೋಡಿದಾರೆ. ಮೇಲೆ ಹಚ್ಚೋ ನೋವಿನ ಜೆಲ್ಲು ಮಾತ್ರೆಗಿಂತ ಹೊಟ್ಟೆಗೂ ಕಿಡ್ನಿಗೂ ವಾಸಿ. ದೊಡ್ಡಮ್ಮ ಎಂಟು ತಿಂಗಳಿಂದ ಇದನ್ನೇ ಮಾಡ್ತಿದಾರೆ, ಸಮತಟ್ಟಲ್ಲಿ ನಡೆಯೋದು ಎಷ್ಟೋ ಸುಲಭ ಆಗಿದೆ, ಮೆಟ್ಟಿಲು ಇಳಿಯೋದು ಇನ್ನೂ ಕಷ್ಟಾನೇ. ಪೂಜೆಗೆ ಸ್ಟೂಲ್ ಮೇಲೆ ಕೂರ್ತಾರೆ, ಮೊದಮೊದಲು ದೇವರ ಮುಂದೆ ಎತ್ತರದಲ್ಲಿ ಕೂರೋಕೆ ಸಂಕೋಚ ಪಡ್ತಿದ್ರು.

ಡಾಕ್ಟ್ರ ಹತ್ರ ಏನ್ ಕೇಳ್ಬೇಕು ಅಂತ ಬರ್ಕೊಡಿ ಅಂದೋರಿಗೆ

ದೊಡ್ಡಮ್ಮಂಗೆ ಚೀಟೀಲಿ ಬರ್ಕೊಟ್ಟಿದ್ದೇ ಇಲ್ಲಿ ಹಾಕ್ತೀನಿ. ಇದು ಟ್ರಯಲ್ಲಾ ಇಲ್ಲ ನೀವು ಮಾಮೂಲಿ ಮಾಡೋ ಚಿಕಿತ್ಸೇನಾ? ಟ್ರಯಲ್ ಆದ್ರೆ ನಂಬರ್ ಕೊಡಿ. ಯಾವ ಕಣ ಹಾಕ್ತೀರಾ, ಕರಗತ್ತಾ ಇಲ್ಲ ಒಳಗೇ ಇರತ್ತಾ? ನೀವು ಇದುವರೆಗೂ ಎಷ್ಟು ಜನಕ್ಕೆ ಮಾಡಿದೀರಾ, ಅವರಲ್ಲಿ ಚರ್ಮದ ತೊಂದರೆ ಎಷ್ಟು ಜನಕ್ಕೆ ಆಯ್ತು? ನನ್ನ ಮಂಡೀಲಿ ಊತ ಇದೆ ಅಂತ ಹೇಗೆ ಗೊತ್ತಾಯ್ತು, ಎಂಆರ್‌ಐ ನೋಡಿದೀರಾ? ನನ್ನ ಕಿಡ್ನಿ ಈ ಡೈ ತಡ್ಕೊಳತ್ತಾ? ಒಂದು ವರ್ಷದ ಮೇಲೆ ನನ್ನ ಫೋನಿಗೆ ಯಾರು ಉತ್ತರ ಕೊಡ್ತಾರೆ? ಮತ್ತೆ ನಾನು ತೋರಿಕೆ ಗುಂಪಿಗೆ ಬಿದ್ರೆ, ಟ್ರಯಲ್ ಮುಗಿದ್ಮೇಲೆ ನಿಜವಾದದ್ದು ಕೆಲಸ ಮಾಡತ್ತೆ ಅಂತ ಗೊತ್ತಾದ್ರೆ ಆಗ ನನಗೂ ಮಾಡ್ತೀರಾ, ಅದು ಒಪ್ಪಿಗೆ ಪತ್ರದಲ್ಲಿ ಎಲ್ಲಿ ಬರೆದಿದೆ?